ಸಾತಲಿಂಗಪ್ಪನ ಸ್ವಂತ ನಂಬರು

ಸೋಲಾಪುರದ ಸಾಖರ ಪೇಠೆಯ ಆ ಹಳೆಯ ವಾಡೆಯಲ್ಲಿ ಬಿಡಾರಗಳು ಹತ್ತಾರಿದ್ದರೂ ಫೋನು ಇದ್ದದ್ದು ಒಂದೇ, ಅದೂ ಇಂದೂಬಾಯಿಯ ಮನೆಯಲ್ಲಿ. ಉಳಿದವರೆಲ್ಲ ಆ ನಂಬರನ್ನೇ ಊರ ತುಂಬ ಹಂಚಿ, ಪಕ್ಕದಲ್ಲಿ 'ಪಿ.ಪಿ.' ಎಂದು ಬರೆದು ನಿಶ್ಚಿಂತೆಯಿಂದಿದ್ದರು. ಆ ಎರಡಕ್ಷರದ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಫೋನು ನೆರೆಯವರದು, ಮಾತು ನಮ್ಮದು ಎಂದಷ್ಟೇ ತಿಳಿದಿತ್ತು. ಸಾತಲಿಂಗಪ್ಪನ ತಕರಾರೇ ಬೇರೆ. ಫೋನೂ ಇಂದೂಬಾಯಿಯದು, ಮಾತೂ ಇಂದೂಬಾಯಿಯದು ಎಂಬುದು ಅವನ ದೂರು.

ಅವನ ಮನೆ ಹಿಂದಿನ ಚೌಕದ ಮಾಳಿಗೆಯ ಮೇಲೆ. ಇಂದೂಬಾಯಿ ಕಿಟಕಿಯಿಂದ "ಸಾತಪ್ಪಾ, ಫೋನ್!" ಎಂದು ಕೂಗಿದರೆ, ಅವನು ಪಾಯಜಾಮದ ಲಾಡಿ ಬಿಗಿದುಕೊಂಡು, ಮೆಟ್ಟಿಲಿಳಿದು, ಅಂಗಳ ದಾಟಿ ಬರುವಷ್ಟರಲ್ಲಿ ಆ ಕಡೆಯವರಿಗೆ ಅವನ ಮನೆಯ ಸಮಸ್ತ ಸಮಾಚಾರ ತಲುಪಿರುತ್ತಿತ್ತು. ಅವನಿಗೆ ಉಳಿಯುತ್ತಿದ್ದದ್ದು "ಆತು, ಇಡ್ತೀನ್ರಿ" ಎಂಬ ಕೊನೆಯ ಮಾತು ಮಾತ್ರ.

ಮಗಳು ಪ್ರಣಿತಾಗೆ ಗಂಡು ನೋಡಲು ಶುರುಮಾಡಿದ ಮೇಲಂತೂ ಈ ಫೋನು ಅವನ ಪಾಲಿಗೆ ಶನಿಯಾಯಿತು. ಲಾತೂರಿನವರು ಒಮ್ಮೆ ಫೋನು ಮಾಡಿ ಮತ್ತೆ ಮಾಡಲಿಲ್ಲ. ಪಂಢರಪುರದವರದೂ ಅದೇ ಕತೆ. ಆಮೇಲೆ ನಳದ ಹತ್ತಿರ ಇಂದೂಬಾಯಿಯೇ ರಾಜಾರೋಷವಾಗಿ ಹೇಳಿದಳು: "ಕೇಳಿದ್ರು, ಹೇಳಿದೆ. ಹುಡುಗಿಗಿ ಮೂಗಿನ ತುದಿಗೇ ಸಿಟ್ಟು ಅಂತ ಹೇಳೂದು ಬ್ಯಾಡೇನು? ನಾಳಿ ಅವರೇ ನೋಡ್ತಾರಲ್ಲ!"

ಈಗ ಬಂದದ್ದು ಅಕ್ಕಲಕೋಟೆಯ ಭೀಮಶಾ ಅವರ ಮನೆಯ ಸಂಬಂಧ. ಹುಡುಗ ಸೋಮೇಶ ಬಂದು ನೋಡಿ ಹೋದಂದಿನಿಂದ ಪ್ರಣಿತಾ ಪಾತ್ರೆ ತಿಕ್ಕುವಾಗಲೂ ಗುನುಗುತ್ತಿದ್ದಳು. ತಂದೆಗೆ ಇನ್ನೇನು ಬೇಕು? ಆದರೆ ಭೀಮಶಾ, "ಶನಿವಾರ ಸಂಜಿಗಿ ಫೋನ್ ಮಾಡಿ ಹೇಳ್ತೀವ್ರಿ" ಎಂದುಬಿಟ್ಟಿದ್ದರು. ಆ ಫೋನು ಇಂದೂಬಾಯಿಯ ಕೈಗೆ ಸಿಕ್ಕರೆ ಮುಗಿಯಿತು. ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಸಾತಲಿಂಗಪ್ಪ ತೀರ್ಮಾನಕ್ಕೆ ಬಂದ. ಮನೆ ಫೋನಿಗೆ ಹಾಕಿದ ಅರ್ಜಿ ಎಲ್ಲೋ ಗೆದ್ದಲು ತಿನ್ನುತ್ತಿತ್ತು. ಊರಿಗೆ ಆಗಷ್ಟೇ ಮೊಬೈಲು ಬಂದಿತ್ತು. ಒಂದು ಮೊಬೈಲು ಕೊಂಡು, ಸಂಜೆಯೊಳಗೆ ಅಕ್ಕಲಕೋಟೆಗೆ ಹೋಗಿ, ನಂಬರನ್ನು ಬೀಗರ ಕೈಗೇ ಕೊಟ್ಟು ಬರುವುದು.

"ಸಾದಾದ್ದು ತಗೋರಿ," ಎಂದಳು ಹೆಂಡತಿ ಕಸ್ತೂರಬಾಯಿ. "ನಿಮಗ ರೇಡಿಯೋದಾಗ ಸ್ಟೇಶನ್ ಹಚ್ಚಾಕ ಬರೂದಿಲ್ಲ."

ಅವನು ಗುಮಾಸ್ತನಾಗಿದ್ದ ಚಾದರ ಪೇಢಿಯಲ್ಲಿ ಅರ್ಧ ದಿನದ ರಜೆ ಕೇಳಿದ್ದೇ ತಪ್ಪಾಯಿತು. ಪಕ್ಕದ ಮೇಜಿನ ಕಾಮಣ್ಣ ತಾನೂ ಎದ್ದು ನಿಂತ. ಬೇರೆಯವರ ಖರೀದಿ ಎಂದರೆ ಕಾಮಣ್ಣನಿಗೆ ಮದುವೆಯೂಟದಷ್ಟು ಪ್ರೀತಿ.

"ಮೊಬೈಲ್ ಅಂದ್ರ ಬದನಿಕಾಯಿ ಅಲ್ರಿ ಸಾತಪ್ಪಣ್ಣ, ಕಂಡದ್ದು ಚೀಲಕ್ಕ ಹಾಕಾಕ. ಪಾರಖಿ ಕಣ್ಣು ಬೇಕು," ಎನ್ನುತ್ತ ಅವನೇ ಮುಂದಾಗಿ ನಡೆದ.

ಅಂಗಡಿಯ ಹುರುಪಿನ ಮಾಲಕ ಬಗೆಬಗೆಯ ಫೋನುಗಳನ್ನು ಗಾಜಿನ ಮೇಲೆ ಹರಡಿದ. ಒಂದನ್ನು ಕಪ್ಪೆ ಬಾಯಿ ತೆರೆದ ಹಾಗೆ ತೆರೆಯಬೇಕು, ಇನ್ನೊಂದರಲ್ಲಿ ಹಾವು ಓಡಾಡುವ ಆಟ. ಸಾತಲಿಂಗಪ್ಪ ಎಲ್ಲಕ್ಕೂ ತಲೆ ಅಲ್ಲಾಡಿಸಿದ.

"ನನಗ ಮಾತಾಡೂದು ಬೇಕ್ರಿ. ಬಂದ್ರ ಎತ್ತಬೇಕು, ಮುಗದ್ರ ಇಡಬೇಕು. ಬಸ್."

"ಕಾಕಾ, ಇದು ನೋಡ್ರಿ, ಏಕದಮ್ ಭಾರಿ ಅದ," ಎಂದು ಮಾಲಕ ಒಂದು ನೀಲಿ ಫೋನನ್ನು ಅವನ ಅಂಗಿಯ ಜೇಬಿಗೆ ಇಳಿಬಿಟ್ಟು, ತಾನು ಇನ್ನೊಂದರಿಂದ ನಂಬರು ಒತ್ತಿದ.

ಸಾತಲಿಂಗಪ್ಪನ ಮುಖ ಬಿಳಿಚಿಕೊಂಡಿತು. ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದ. "ಕಾಮಣ್ಣಾ... ಎದಿ ಗಡಗಡ ನಡಗಾಕತ್ತದ... ಕಸ್ತೂರಿಗಿ ಹೇಳು..."

"ನೀರು ತರ್ರಿ, ನೀರು!" ಎಂದು ಕಾಮಣ್ಣ ಚೀರಿದ. ನೆರೆಯ ಅಂಗಡಿಯವರು ಓಡಿ ಬಂದರು. ಒಬ್ಬ ಅಂಗಾಲು ತಿಕ್ಕಿದ, ಇನ್ನೊಬ್ಬ ಈರುಳ್ಳಿ ಮೂಸಿಸಿದ. ಮಾಲಕ ನಗು ತಡೆದುಕೊಂಡು ಜೇಬಿನಿಂದ ಫೋನು ತೆಗೆದ ಮೇಲೆ, ನಡುಗುತ್ತಿದ್ದದ್ದು ಎದೆಯಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು.

"ನಡಗೂದು ಬ್ಯಾಡ," ಎಂದ ಸಾತಲಿಂಗಪ್ಪ, ಮೈಮೇಲೆ ಚೆಲ್ಲಿದ ನೀರು ಒರೆಸಿಕೊಳ್ಳುತ್ತ. "ಹಾವು ಬ್ಯಾಡ, ಕಪ್ಪಿ ಬ್ಯಾಡ."

ಕೊನೆಗೆ ಮಾಲಕ ಕಪಾಟಿನ ತಳದಿಂದ ಒಂದು ಕರಿಯ ಫೋನು ತೆಗೆದ. ದಪ್ಪ ಗುಂಡಿಗಳು, ಎತ್ತಲು ಹಸಿರು, ಇಡಲು ಕೆಂಪು. ಸಾತಲಿಂಗಪ್ಪ ಅದನ್ನು ಕೈಯಲ್ಲಿ ಹಿಡಿದ ಕೂಡಲೇ ಅವನಿಗೆ ಸಮಾಧಾನವಾಯಿತು. ಬಂದ ಕರೆಗೂ ಎತ್ತಿದವನೇ ದುಡ್ಡು ತೆರಬೇಕು ಎಂದು ಮಾಲಕ ಹೇಳಿದ್ದು ಮಾತ್ರ ಸ್ವಲ್ಪ ಚುಚ್ಚಿತು. ಆದರೂ ಅದು ಇಂದೂಬಾಯಿಯ ನಾಲಿಗೆಗಿಂತ ಅಗ್ಗವೇ ಎಂದುಕೊಂಡ.

"ಇದರಾಗ ಆಟಾ ಇಲ್ಲಲ್ರಿ!" ಎಂದು ಕಾಮಣ್ಣ ಮರುಗಿದ.

"ನನ್ನ ಮನ್ಯಾಗ ನಡದದ್ದು ಸಾಲದೇನೋ?" ಎಂದ ಸಾತಲಿಂಗಪ್ಪ. ಅಂಗಡಿಯವರು ನಂಬರು ಚಾಲೂ ಮಾಡಿಕೊಟ್ಟದ್ದೇ ತಡ, ಎಸ್‌ಟಿ ಸ್ಟ್ಯಾಂಡಿಗೆ ಓಡಿದ.

ಅಕ್ಕಲಕೋಟೆಯ ಬಸ್ಸು ಸ್ವಾಮಿಗಳ ಭಕ್ತರಿಂದ ತುಂಬಿ ತುಳುಕುತ್ತಿತ್ತು. ಅವನು ದಾರಿಯುದ್ದಕ್ಕೂ ಫೋನನ್ನು ಹಸುಗೂಸಿನಂತೆ ಎದೆಗವುಚಿಕೊಂಡು ನಿಂತಿದ್ದ. ಇಳಿದು ನೋಡಿದರೆ ಅದರ ಮುಖದ ಮೇಲಿನ ಸಿಗ್ನಲ್ ಗೆರೆಗಳೆಲ್ಲ ಮಾಯ.

ಭೀಮಶಾ ಅವರು ಬಾಗಿಲಿಗೇ ಬಂದು "ಬರ್ರಿ ಬರ್ರಿ, ಸಂಜಿಗಿ ನಾವೇ ಫೋನ್ ಮಾಡಾವ್ರಿದ್ವಿ" ಎಂದು ಕೈಹಿಡಿದು ಕೂರಿಸಿದರು. ಸಾತಲಿಂಗಪ್ಪ ಗಂಭೀರವಾಗಿ ಮೊಬೈಲು ಹೊರತೆಗೆದ. ಇಡೀ ಮನೆ ನೆರೆಯಿತು. ಆದರೆ ಅದು ತುಟಿ ಪಿಟಕ್ಕೆನ್ನಲಿಲ್ಲ. ಭೀಮಶಾ ಅವನನ್ನು ಅಟ್ಟಕ್ಕೆ ಕರೆದೊಯ್ದರು, ಅಲ್ಲಿಂದ ಗಚ್ಚಿಗೆ, ಗಚ್ಚಿಯಿಂದ ನೀರಿನ ಟಾಕಿಯ ಮೇಲಕ್ಕೆ. ಭಾವೀ ಬೀಗರು ಟಾಕಿಯ ಮೇಲೆ ನಿಂತು ಆಕಾಶಕ್ಕೆ ಕೈಯೆತ್ತಿದ್ದನ್ನು ಕಂಡ ಓಣಿಯವರು, ಅವರ ಗಾಳಿಪಟ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕತೊಡಗಿದರು.

"ಸೋಲಾಪುರದಾಗ ಚೊಲೋ ಹಿಡಿತದ್ರಿ," ಎಂದು ಸಾತಲಿಂಗಪ್ಪ ಕೆಳಗಿಳಿದು ಬಂದು ನಂಬರು ಬರೆದ ಚೀಟಿ ಕೊಟ್ಟ. "ಇನ್ನ ಮ್ಯಾಲಿಂದ ಇದಕ್ಕ ಮಾಡ್ರಿ. ನಾನೇ ಎತ್ತತೀನಿ. ನಡುವ ಯಾರೂ ಬರೂದಿಲ್ಲ."

ಹುಡುಗನ ತಾಯಿ ಲೀಲಾಬಾಯಿಯ ಮುಖ ಸಪ್ಪಗಾಯಿತು. "ಹಂಗಾರ ಇಂದೂಬಾಯಿ?"

"ಅವರು ಇರೂದೇ ಇಲ್ರಿ ಇದರಾಗ!" ಎಂದ ಅವನು ಹೆಮ್ಮೆಯಿಂದ.

"ಯಾಕ್ರಿ? ಜಗಳ ಆತೇನು?" ಲೀಲಾಬಾಯಿ ಗಂಡನ ಕಡೆ ನೋಡಿದಳು. "ನಾವು ಈ ಸಂಬಂಧಕ್ಕ ಇಷ್ಟು ಮುಂದ ಬಂದದ್ದೇ ಅವರ ಮಾತಿನ ಮ್ಯಾಲ್ರಿ. ಎಲ್ಲಾರೂ ಹುಡುಗಿ ಬಂಗಾರ, ಆಕಳು ಅಂತಾರ. ನಾವು ಮೊದಲ ಫೋನ್ ಮಾಡಿದಾಗ ಅವರೊಬ್ಬರೇ ಖರೇ ಹೇಳಿದ್ರು. ಸಿಟ್ಟಿನಾಕಿ ಅದಾಳ್ರಿ, ಆದ್ರ ಮುಂಜಾನಿ ಜಗಳಾಡಿದ್ರ ಸಂಜಿಮುಂದ ತಾನೇ ಚಹಾ ಮಾಡ್ಕೊಂಡು ಬಂದು ಕೊಡ್ತಾಳ ಅಂದ್ರು. ನನ್ನ ಬಾಳಂತನದಾಗ ನನ್ನ ತಾಯಿನೂ ಸಂಭಾಳ್ಸಿಲ್ಲ, ಅಷ್ಟು ನನ್ನ ಜಡ್ಡಿನಾಗ ಆ ಹುಡುಗಿ ಸಂಭಾಳ್ಸ್ಯಾಳ ಅಂತ ಇಂದೂಬಾಯಿ ಅತ್ರು ಫೋನಿನಾಗ. ಅಂಥಾ ನೆರಿಯವರ ಜೋಡಿ ಬಿಗಾಡ ಮಾಡ್ಕೊಂಡ ಮನಿ ಅಂದ್ರ..."

ಭೀಮಶಾ ಗಂಟಲು ಸರಿಮಾಡಿಕೊಂಡು ಛಾವಣಿ ನೋಡಿದರು. ಸಾತಲಿಂಗಪ್ಪನ ಕಣ್ಣ ಮುಂದೆ ಪಾತ್ರೆ ತಿಕ್ಕುತ್ತ ಗುನುಗುವ ಮಗಳು ಬಂದು ನಿಂತಳು. ಇಂದೂಬಾಯಿ ಅತ್ತಿದ್ದಳೆಂಬುದನ್ನು ಕೇಳಿ ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಜನ್ಮದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಛೇ ಛೇ! ಜಗಳ ಎಲ್ಲಿದ್ರಿ? ಅಕ್ಕಾರ ಫೋನ್ ಯಾವಾಗ್ಲೂ ಬಂದ್ ಬೀಳ್ತದ್ರಿ. ಪಾಪ, ವಯಸ್ಸಾದವರು... ಅವರ ಸಲುವಾಗೇ ಇದನ್ನ ತಗೊಂಡೀನಿ!"

ಲೀಲಾಬಾಯಿಯ ಮುಖ ಅರಳಿತು. "ಅಯ್ಯ, ಮೊದಲ ಹೇಳಬಾರದೇನ್ರಿ! ಹಂಗಾರ ಸಂಜಿಗಿ ಇದಕ್ಕೇ ಮಾಡ್ತೀನಿ. ಅವರಿಗಿ ಒಂದೇ ಒಂದು ಮಾತು ಕೇಳೂದದ. ಕೇಳಿ, ಆಮ್ಯಾಲ ಹೂಂ ಅಂತೀವಿ."

ಸಂಜೆ ಮನೆ ಮುಟ್ಟಿ, ಕಸ್ತೂರಬಾಯಿ ಫೋನಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಾಗಲೇ ಅದು ಮೊದಲ ಬಾರಿಗೆ ರಿಂಗಣಿಸಿತು. ಸಾತಲಿಂಗಪ್ಪ ಹಸಿರು ಗುಂಡಿ ಒತ್ತಿ "ಹಲೋ, ನಾನ್ರಿ" ಎಂದ.

"ಹಾಂ, ಬೀಗರ, ಜರಾ ಇಂದೂಬಾಯಿಯವರಿಗಿ ಕರೀರಿ," ಎಂದಿತು ಲೀಲಾಬಾಯಿಯ ದನಿ.

ಅವನು ಪಾಯಜಾಮದ ಲಾಡಿ ಬಿಗಿದುಕೊಂಡು ಮೆಟ್ಟಿಲಿಳಿದು ಓಡಿದ. "ಅಕ್ಕಾರ, ಫೋನ್!" ಎಂದು ಅಂಗಳದ ನಡುವಿನಿಂದಲೇ ಕೂಗಿದ. ಇಂದೂಬಾಯಿ ಫೋನು ಇಸಿದುಕೊಂಡು ಬಾಗಿಲು ಮುಚ್ಚಿಕೊಂಡಳು. "ಹೆಂಗಸೂರ ಮಾತು. ನೀ ಹೊರಗ ನಿಂದ್ರು."

ಅವನು ನಿಂತ. ಒಳಗೆ ಪಿಸುಪಿಸು, ನಡುವೆ ನಗೆ, ಮತ್ತೆ ಪಿಸುಪಿಸು. ಮಾತು ಮಾತಿಗೂ ತನ್ನ ದುಡ್ಡು ಕರಗುತ್ತಿದೆ ಎಂಬುದನ್ನೂ ಅವನು ಮರೆತಿದ್ದ. ಮೇಲಿನಿಂದ ಪ್ರಣಿತಾ ಬಗ್ಗಿ ನೋಡಿದಳು. "ಅಪ್ಪಾ, ಏನಂದ್ರು?"

"ನನಗೇನು ಗೊತ್ತವ್ವಾ?" ಎಂದ ಅವನು ಅಳುಮೋರೆಯಲ್ಲಿ.

ಅಷ್ಟರಲ್ಲಿ ಇಂದೂಬಾಯಿಯ ಬೀದಿಬದಿಯ ಕಿಟಕಿ ಧಡಾರನೆ ತೆರೆದುಕೊಂಡಿತು. "ಪ್ರಣಿತಾನ ಲಗ್ನ ಕೂಡ್ತವ್ವಾ!" ಎಂಬ ಕೂಗು ಮೊದಲು ನಳದ ಹೆಂಗಸರಿಗೆ ಮುಟ್ಟಿತು, ಆಮೇಲೆ ಎದುರಿನ ಹಿಟ್ಟಿನ ಗಿರಣಿಗೆ, ಎಲ್ಲಕ್ಕಿಂತ ಕಡೆಗೆ ಹುಡುಗಿಯ ತಂದೆಗೆ. ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡ.

ಬಾಗಿಲು ತೆರೆದು ಬಂದ ಇಂದೂಬಾಯಿಯ ಕಣ್ಣುಗಳೂ ಒದ್ದೆಯಾಗಿದ್ದವು. "ಹುಡುಗಿ ಅಪ್ಪ ಹೆಂಥಾವ ಅಂತ ಕೇಳಿದ್ರಪಾ. ಜರಾ ಪೆದ್ದ ಅದಾನ್ರಿ, ಆದ್ರ ಸುಳ್ಳು ಹೇಳಾಕ ಬರೂದಿಲ್ಲ ಅವಗ ಅಂದೆ. ಹೂಂ ಅಂದುಬಿಟ್ರು."

ಸಾತಲಿಂಗಪ್ಪ ತಲೆ ತಗ್ಗಿಸಿ ಫೋನಿಗೆ ಕೈಚಾಚಿದ. ಅವಳು ಅದನ್ನು ಕೊಡದೆ, ತಿರುಗಿಸಿ ತಿರುಗಿಸಿ ನೋಡಿದಳು.

"ಚೊಲೋ ಆರಿಸೀದಿ ನೋಡು. ಹಸಿರು, ಕೆಂಪು, ಬಸ್. ಯಾರೂ ಕಲಿಸೂದೇ ಬ್ಯಾಡ. ನನ್ನ ಸಲುವಾಗಿ ಇಷ್ಟು ವಿಚಾರ ಮಾಡೀದಿ ಅಂತ ಲೀಲಾಬಾಯಿ ಹೇಳಿದ್ರಪಾ, ಕೇಳಿ ಕರುಳು ಚುರ್ ಅಂತು. ಈಗ ಬೋರಾಮಣಿಯಾಗಿರೂ ನನ್ನ ತಂಗಿಗೂ ಇದರಿಂದನೇ ಮಾಡಿ ಇದೇ ನಂಬರ್ ಹೇಳೀನಿ. ನಾಳಿಂದ ನಮ್ಮ ಪೈಕಿ ಎಲ್ಲಾರೂ ಇದಕ್ಕೇ ಮಾಡ್ತಾರ. ಫೋನ್ ಬಂದಾಗೊಮ್ಮೆ ನೀ ಬಂದು ಜರಾ ನನ್ನ ಕರದು ಹೋಗು, ಸಾತಪ್ಪಾ."

ಅವಳ ಕೈಯಲ್ಲಿದ್ದ ಫೋನು ಮತ್ತೆ ರಿಂಗಣಿಸಿತು. ಸಾತಲಿಂಗಪ್ಪ ಯಾರೂ ಹೇಳುವ ಮೊದಲೇ ಕಟ್ಟೆಯಿಂದಿಳಿದು ಅಂಗಳದಲ್ಲಿ ದೂರ ಹೋಗಿ ನಿಂತ.