ಗಾದಿಗನೂರಿನ ಗಾಳಿ ಶುದ್ಧ ಮಾಡಿದ ಪಠ್ಯಪುಸ್ತಕದ ಕರ್ತೃಗಳಿಗೆ

ಮಾನ್ಯರೇ,

ಹೊಸಪೇಟೆಯ ಕೆಂಧೂಳಿನೊಳಗಿಂದ ಸಾಷ್ಟಾಂಗ ನಮಸ್ಕಾರಗಳು. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಪಳಗಿದವರಿಗೆಂದೇ ತಾವು ಬರೆದ ಪ್ರೋಗ್ರಾಮಿಂಗ್ ಪುಸ್ತಕವನ್ನು ಭಯಭಕ್ತಿಯಿಂದ ಓದಿ ಮುಗಿಸಿದ್ದೇನೆ. ಗಣಿಗಳ ಸುತ್ತಲಿನ ಗಾಳಿ, ನೀರಿನ ವರದಿ ಮಾಡಿಕೊಡುವುದು ನಮ್ಮ ಆಫೀಸಿನ ಕಸುಬು. ಅದಿರಿಗೆ ರೇಟು ಏರಿದ ಮೇಲೆ ನಮಗೂ ಪುರುಸೊತ್ತಿಲ್ಲ.

ತಮ್ಮ ಔದಾರ್ಯ ಭಾಳ ದೊಡ್ಡದು. ವಿಷಯ ಎಲ್ಲಿ ಕಠಿಣವಾಯಿತೋ ಅಲ್ಲೆಲ್ಲ ‘ಇದು ಅನುಭವಿಗಳಿಗೆ ತಿಳಿದದ್ದೇ’ ಎಂದು ಬರೆದು ಮುಂದೆ ಸಾಗಿದ್ದೀರಿ, ತಿಳಿದಿಲ್ಲವೆಂದರೆ ಮರ್ಯಾದೆ ಹೋದೀತೆಂದು ನಾವೂ ತಲೆಯಾಡಿಸಿದ್ದೇವೆ. ತಮ್ಮ ಉದಾಹರಣೆಗಳ ಅಂಕಿಗಳಂತೂ ಎಣ್ಣೆಸ್ನಾನ ಮುಗಿಸಿ ಮಡಿ ಉಟ್ಟು ಬಂದು ಕುಳಿತಂತಿವೆ. ಆದರೆ ನಮ್ಮ ಮ್ಯಾನೇಜರ್ ರಾಮಾಂಜಿನಿಯವರು ಮನಸೋತಿದ್ದು ಏಳನೇ ಅಧ್ಯಾಯಕ್ಕೆ, ಅಂದರೆ ಅಳತೆಯ ಅಂಕಿಯಿಲ್ಲದೆ ಖಾಲಿ ಉಳಿದ ದಿನಗಳನ್ನು ಒಂದೇ ಆಜ್ಞೆಯಲ್ಲಿ ಕಿತ್ತೊಗೆದು ಸರಾಸರಿ ತೆಗೆಯುವ ಪ್ರೋಗ್ರಾಮಿಗೆ. ಅವು ಯಾಕೆ ಖಾಲಿ ಉಳಿದವೆಂದು ಯಾರನ್ನಾದರೂ ಕೇಳಿ ಎಂಬ ಒಂದು ಸಾಲು ಅಲ್ಲಿಲ್ಲ.

ನಾನು ಕೇಳಿದೆ. ನಮ್ಮ ಧೂಳು ಅಳೆಯುವ ಯಂತ್ರ ಇರುವುದು ಗಾದಿಗನೂರಿನ ತಿಪ್ಪಕ್ಕನ ಮಾಳಿಗೆಯ ಮೇಲೆ. ಅದಿರಿನ ಲಾರಿಗಳು ಸಾಲುಗಟ್ಟಿ ಧೂಳೆದ್ದ ದಿನ ಆಕೆ ಒಣಹಾಕಿದ ಮೆಣಸಿನಕಾಯಿಗೆ ಗೋಣಿತಾಟು ಹೊದಿಸುವುದು ವಾಡಿಕೆ. ಅದೇ ಕೈಯಲ್ಲಿ ಯಂತ್ರದ ಸ್ವಿಚ್ಚು ಆರಿಸಿ ಅದಕ್ಕೂ ಒಂದು ಹೊದಿಸಿದ್ದಾಳೆ. ‘ತುಟ್ಟಿ ಮಿಷನ್ನು, ಧೂಳು ಕುಡುದು ಕೆಟ್ರ ನಿಮ್ಮ ನೌಕರಿಗೆ ಕುತ್ತು ಬರ್ತೈತಲ್ಲಪ್ಪ’ ಎಂದು ನನ್ನ ಮೇಲೇ ಕನಿಕರಪಟ್ಟಳು. ಹೀಗೆ ಧೂಳಿನ ದಿನಗಳೆಲ್ಲ ಖಾಲಿ ಉಳಿದವು, ಖಾಲಿ ದಿನಗಳನ್ನೆಲ್ಲ ತಾವು ಅಳಿಸಿದಿರಿ, ಗಾದಿಗನೂರು ಗಿರಿಧಾಮವಾಯಿತು.

ಮಕ್ಕಳಿಗೆ ದಮ್ಮು ಹತ್ತುತ್ತಿದೆ, ಲಾರಿ ದಾರಿಯನ್ನು ಊರ ಹೊರಗೆ ಹಾಕಿಸಿ ಎಂದು ಆ ಊರಿನವರು ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದರು, ಅದರ ತೀರ್ಮಾನಕ್ಕೆ ಕೇಳಿದ್ದು ನಮ್ಮದೇ ಗಾಳಿಯ ವರದಿ. ವರದಿ ತಪ್ಪು, ಮತ್ತೆ ಅಳೆಯೋಣ ಎಂದು ನಾನು ಅಂಗಲಾಚಿದ್ದಕ್ಕೆ ರಾಮಾಂಜಿನಿಯವರು ‘ಪುಸ್ತಕದಾಗ ಹಂಗ ಐತಲ್ರೀ, ಅವ್ರಿಗಿಂತ ನೀವು ಶಾಣ್ಯಾರೇನ್ರಿ’ ಎಂದು ಸಹಿ ಹಾಕಿ ಕಳಿಸಿದರು. ಗಾಳಿ ಚೆನ್ನಾಗಿದೆಯೆಂದು ಅರ್ಜಿ ವಜಾ ಆಯಿತು.

ಆದ್ದರಿಂದ ಮುಂದಿನ ಆವೃತ್ತಿಯಲ್ಲಿ ಲಾರಿಗಳನ್ನೂ ಅಳಿಸುವ, ಎದೆಗೂಡಿಗೆ ಇಳಿದ ಧೂಳನ್ನೂ ಕಿತ್ತೊಗೆಯುವ ಆಜ್ಞೆಯೊಂದನ್ನು ದಯಪಾಲಿಸಬೇಕು. ಬರೆಯಲು ಪ್ರಶಾಂತ ಸ್ಥಳ ಬೇಕಿದ್ದರೆ ತಿಪ್ಪಕ್ಕನ ಮಾಳಿಗೆಯಿದೆ. ಧೂಳೆದ್ದರೆ ತಮಗೂ ಒಂದು ಗೋಣಿತಾಟು ಹೊದಿಸಲು ಆಕೆ ಹಿಂದೆಮುಂದೆ ನೋಡುವವಳಲ್ಲ.

ಅನುಭವ ಇನ್ನೂ ಸಾಲದ, ತಮ್ಮ ವಿಶ್ವಾಸಿ,
ಪಕ್ಕೀರಪ್ಪ
ಹೊಸಪೇಟೆ

ವಿ.ಸೂ.: ಮೊನ್ನೆ ಗಾದಿಗನೂರಿನ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆಯಿತು. ದಮ್ಮು ಕಟ್ಟಿದ ಮಕ್ಕಳು ಶಾಲೆಗೆ ಬರಲಾಗದೆ ಮನೆಯಲ್ಲೇ ಮಲಗಿದ್ದವು, ತಿಪ್ಪಕ್ಕನ ಮೊಮ್ಮಗಳೂ ಸೇರಿ. ಅವರ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದಾರೆ. ತಮ್ಮ ಪ್ರೋಗ್ರಾಂ ಓಡಿಸಿ ನೋಡಿದೆ: ಊರಿನಲ್ಲಿ ಒಂದು ಮಗುವಿಗೂ ಕಾಯಿಲೆಯಿಲ್ಲ.