ನಮ್ಮ ಹೋಟೆಲಿನ ಗೋಡೆಯ ಮೇಲಿನ ತೆರಿಗೆಗಳ್ಳ

ಶಟರ್ ಎತ್ತಿದ ಕೂಡಲೇ ಪಪ್ಪ ಮಾಡುವ ಮೊದಲ ಕೆಲಸ, ಹೆಗಲ ಮೇಲಿನ ಬೈರಾಸಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದು ಫೋಟೋ ಒರೆಸುವುದು. ದೇವರ ಫೋಟೋಗಳ ಸರದಿ ಆಮೇಲೆ. ಒರೆಸಿ, ಹಿಂದೆ ಸರಿದು, ವಾರೆಯಾಗಿದೆಯೇ ಎಂದು ನೋಡುತ್ತಾರೆ. ವಾರೆಯಾಗಿಲ್ಲದಿದ್ದರೂ ಒಮ್ಮೆ ಸರಿಮಾಡಿದ ಮೇಲೆಯೇ ಗಲ್ಲಾದಲ್ಲಿ ಕೂರುತ್ತಾರೆ.

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲು ದೊಡ್ಡದಲ್ಲ. ಇಡ್ಲಿ, ದೋಸೆ, ಚಹಾ, ಮಧ್ಯಾಹ್ನ ರೈಸ್ ಪ್ಲೇಟ್. ಅಲ್ಲಿನ ಒಂದೇ ಒಂದು ವೈಭವ ಆ ಫೋಟೋ. ಅದರಲ್ಲಿ ಇಬ್ಬರಿದ್ದಾರೆ. ಎಡಗಡೆ, ದೇಶಕ್ಕೆಲ್ಲ ಗೊತ್ತಿರುವ ಒಬ್ಬ ಕ್ರಿಕೆಟ್ ಆಟಗಾರ, ಬಲಗೈಯಲ್ಲಿ ಇಡ್ಲಿಯ ತುಂಡು ಹಿಡಿದುಕೊಂಡು. ಬಲಗಡೆ ಪಪ್ಪ, ಕಣ್ಣು ಮುಚ್ಚಿಕೊಂಡು. ಯಾರದೋ ಮದುವೆಗೆ ಹೊರಟಿದ್ದ ಆಟಗಾರ ಹಸಿವು ತಡೆಯಲಾರದೆ ನಮ್ಮಲ್ಲಿ ಇಳಿದಿದ್ದನಂತೆ. ಫ್ಲ್ಯಾಶ್ ಹೊಳೆದಾಗ ಪಪ್ಪನ ಕಣ್ಣು ಮುಚ್ಚಿಹೋಯಿತು. “ಅದು ಭಕ್ತಿಯಲ್ಲಿ ಮುಚ್ಚಿದ್ದು” ಎಂದು ಇವತ್ತಿಗೂ ಹೇಳುತ್ತಾರೆ.

ಅವರ ಮಗಳು ನಾನು ಸಿಎ ಆಗಬೇಕೆಂದು ಓದುತ್ತಾ, ಹೋಟೆಲಿನ ಹತ್ತಿರವೇ ಒಂದು ಆಫೀಸಿನಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಆಫೀಸು ತೆರೆಯುವವರೆಗೆ ಪಪ್ಪನ ಪಕ್ಕ ಗಲ್ಲಾದಲ್ಲಿ ಕೂತಿರುತ್ತೇನೆ. ನಾಲ್ಕು ಜನರ ಎದುರು ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಬಾಯಿ ಮುಚ್ಚಿ ಕೂತವರ ಎದುರು ಜನ ಏನು ಬೇಕಾದರೂ ಮಾತಾಡುತ್ತಾರೆ. ಹಾಗಾಗಿ ಇಂಥವೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿರುತ್ತವೆ.

ಅರ್ಧ ಫೋಟೋ

ಒಂದು ಸಂಜೆ ಕಾಂದಿವಲಿಯ ನಮ್ಮ ಮನೆಯಲ್ಲಿ ಟಿ.ವಿ. ಹಾಕಿದರೆ, ನಮ್ಮ ಗೋಡೆಯ ಆಟಗಾರನೇ ಎಲ್ಲ ಚಾನಲ್‌ಗಳಲ್ಲೂ. ಜಾಹೀರಾತಿನಿಂದ ಬಂದ ಹಣವನ್ನು ಯಾವುದೋ ದ್ವೀಪದ ಕಂಪನಿಯಲ್ಲಿ ಇಟ್ಟು ತೆರಿಗೆ ತಪ್ಪಿಸಿದ್ದಾನಂತೆ. ಮುಖವನ್ನು ಟವೆಲ್ಲಿನಿಂದ ಮುಚ್ಚಿಕೊಂಡು ಕಾರು ಹತ್ತುವ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು.

ಪಪ್ಪ ಟಿ.ವಿ. ಸದ್ದು ತಗ್ಗಿಸಿದರು, ನೆರೆಯವರಿಗೆ ಕೇಳಬಾರದೆಂಬಂತೆ.

“ಮಗಾ, ಇದು ದೊಡ್ಡ ತಪ್ಪಾ?”

“ದೊಡ್ಡದೇ ಪಪ್ಪಾ. ನೋಟಿಸು ಬರ್ತದೆ, ವಿಚಾರಣೆ ಆಗ್ತದೆ, ದಂಡ ಬೀಳ್ತದೆ.”

ಪಪ್ಪ ನನ್ನ ಹತ್ತಿರ ಸರಿದು ಕೂತರು. ಆಮೇಲೆ ಮೆಲ್ಲಗೆ, “ಒಟ್ಟಿಗೆ ಫೋಟೋದಲ್ಲಿ ನಿಂತವರಿಗೂ ನೋಟಿಸು ಬರ್ತದಾ?”

“ಇಲ್ಲ ಪಪ್ಪಾ.”

“ಬಂದ್ರೂ ತೊಂದರೆ ಇಲ್ಲ ಅಲ್ವಾ? ನನ್ನ ಕಣ್ಣು ಮುಚ್ಚಿತ್ತು, ನಾನು ಎಂತದೂ ನೋಡ್ಲಿಲ್ಲ ಅಂತ ಹೇಳಬಹುದಲ್ಲ.”

ಅಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಮರುದಿನ ಶಟರ್ ಎತ್ತಿದ ಮೇಲೆ ಬೈರಾಸಿನ ತುದಿ ಎಂದಿನಂತೆ ಫೋಟೋದ ಮೇಲೆ ಹೋಯಿತು. ಮಧ್ಯದವರೆಗೆ ಬಂದು ನಿಂತಿತು. ಪಪ್ಪ ತಮ್ಮ ಅರ್ಧವನ್ನು ಮಾತ್ರ ಒರೆಸಿದರು. ನಮ್ಮ ಎದುರಿನ ರಸ್ತೆಯನ್ನು ಅಗೆದು ಹಾಕಿದ್ದಾರೆ, ಧೂಳಿಗೆ ಬರವಿಲ್ಲ. ನಾಲ್ಕೇ ದಿನದಲ್ಲಿ ಇಬ್ಬರ ನಡುವೆ ಗೆರೆ ಎಳೆದ ಹಾಗೆ ಗಡಿ ಮೂಡಿತು. ಈಚೆ ಫಳಫಳ ಹೊಳೆಯುವ ಪಪ್ಪ. ಆಚೆ ಮಂಜಿನಲ್ಲಿ ಇಡ್ಲಿ ತಿನ್ನುತ್ತಿರುವ ಆಟಗಾರ.

ಬೋಣಿ

ನಮ್ಮ ಹೋಟೆಲಿನ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಒಬ್ಬರದೇ. ಮರಾಠಿ ಪೇಪರನ್ನು ಇಡೀ ಹೋಟೆಲಿಗೆ ಕೇಳುವಂತೆ ಓದುವ ಒಬ್ಬ ನಿವೃತ್ತ ಗುಮಾಸ್ತರು. ನಾವು ಪೇಪರ್ ಕಾಕಾ ಎನ್ನುತ್ತೇವೆ. ಹೋಟೆಲು ತೆರೆದ ದಿನ ಮೊದಲ ಚಹಾ ಕುಡಿದವರೂ ಅವರೇ. ಅವರ ಕೈಗುಣದಿಂದಲೇ ಹೋಟೆಲು ನಡೆಯುತ್ತಿದೆ ಎಂದು ಪಪ್ಪನ ನಂಬಿಕೆ. ಕಾಕಾ ಊರಿಗೆ ಹೋದ ದಿನ ಪಪ್ಪನಿಗೆ ಸಾಂಬಾರಿನ ಮೇಲೂ ಅನುಮಾನ.

ಆ ಕಾಕಾ ಒಂದು ಬೆಳಿಗ್ಗೆ ಪೇಪರನ್ನು ಮೇಜಿಗೆ ಬಡಿದು ಎದ್ದು ನಿಂತರು. ಅವರ ಮರಾಠಿಯನ್ನು ಕನ್ನಡಕ್ಕೆ ಇಳಿಸಿದ್ದೇನೆ, ಬೈಗುಳ ಬಿಟ್ಟು.

“ಆ ಫೋಟೋ ತೆಗಿ!”

“ಕಾಕಾ, ಅವನು ನಮ್ಮ ಇಡ್ಲಿ ತಿಂದವನು.”

“ಇಡ್ಲಿ ತಿಂದ, ಜೊತೆಗೆ ದೇಶವನ್ನೂ ತಿಂದ! ಸರ್ವಿಸಿನಲ್ಲಿ ಇದ್ದಷ್ಟು ಕಾಲ ಸಂಬಳ ಕೈಗೆ ಬರುವ ಮೊದಲೇ ನನ್ನ ಟ್ಯಾಕ್ಸ್ ಕತ್ತರಿಸುತ್ತಿದ್ದರು. ತಪ್ಪಿಸೋಣ ಅಂದರೂ ಒಂದು ದಾರಿ ಇರಲಿಲ್ಲ!”

ಕೊನೆಯ ಮಾತಿನಲ್ಲಿ ಸಿಟ್ಟಿಗಿಂತ ಹೊಟ್ಟೆಯುರಿಯೇ ಹೆಚ್ಚಾಗಿ ಕೇಳಿಸಿತು.

ಅದೇ ಟೇಬಲ್ಲಿನ ಟ್ಯಾಕ್ಸಿಯವರು, “ಬಿಡಿ ಕಾಕಾ, ದೇಶಕ್ಕೋಸ್ಕರ ಎಷ್ಟು ಓಡಿದ್ದಾನೆ” ಎಂದರು.

“ನೀನೂ ಇಡೀ ದಿನ ಓಡಿಸ್ತೀಯಲ್ಲ, ಮೀಟರ್ ಹಾಕದೆ ಓಡಿಸ್ತೀಯಾ?”

ಟ್ಯಾಕ್ಸಿಯವರು ಚಹಾದ ಸಕ್ಕರೆ ಕಲಸುವುದರಲ್ಲಿ ಮುಳುಗಿಹೋದರು.

ಕಾಕಾ ತೀರ್ಪು ಕೊಟ್ಟರು. “ಸೋಮವಾರದವರೆಗೆ ನೋಡ್ತೇನೆ. ಸೋಮವಾರವೂ ಅದು ಅಲ್ಲೇ ಇದ್ದರೆ ನನ್ನ ಚಹಾ ಎದುರಿನ ಇರಾನಿ ಹೋಟೆಲಿನಲ್ಲಿ.”

ಪಪ್ಪನ ಮುಖ ಬಿಳಿಚಿಕೊಂಡಿತು. ಫೋಟೋ ಹೋದರೆ ವೈಭವ ಹೋಯಿತು, ಕಾಕಾ ಹೋದರೆ ಬೋಣಿಯೇ ಹೋಯಿತು.

ಅಲ್ಲಿಯವರೆಗೆ ಪ್ರತಿಭಟನೆ ಎಂದು ಕಾಕಾ ಫೋಟೋಕ್ಕೆ ಬೆನ್ನು ಹಾಕಿ ಕೂತರು. ಆದರೆ ಆ ಕುರ್ಚಿಯ ಎದುರಿಗೆ ಕೈತೊಳೆಯುವ ಬೇಸಿನ್ನು, ಅದರ ಮೇಲೆ ಕನ್ನಡಿ, ಕನ್ನಡಿಯಲ್ಲಿ ಅದೇ ಫೋಟೋ. ಕಾಕಾ ಕಣ್ಣು ಕಿರಿದುಮಾಡಿ ನೋಡಿದರು.

“ನೋಡು, ಎಡಗೈಯಲ್ಲಿ ತಿನ್ತಾನೆ. ಅವತ್ತೇ ಅನುಮಾನ ಬರಬೇಕಿತ್ತು.”

ಲೇಡೀಸ್ ಡಬ್ಬ

“ಲೋಕಲ್ ಟ್ರೇನಿನಲ್ಲಿ ಹೆಂಗಸರು ಅವನ ಬಗ್ಗೆ ಎಂತ ಹೇಳ್ತಾರೆ, ಕೇಳ್ಕೊಂಡು ಬಾ. ಕಾಕಾ ಒಬ್ಬರ ಮಾತು ಕೇಳಿ ತೆಗೆಯುವುದು ಹೇಗೆ?” ಎಂದು ಪಪ್ಪ ನನಗೆ ಕೆಲಸ ಒಪ್ಪಿಸಿದರು. ಕೇಳಿಸಿಕೊಳ್ಳುವುದು ಕಷ್ಟವಲ್ಲ. ಅವತ್ತು ಸಂಜೆ ಮನೆಗೆ ಹೋಗುವಾಗ ಲೇಡೀಸ್ ಡಬ್ಬದಲ್ಲಿ ಹೆಚ್ಚು ಮಾತು ಕೇಳಿಸುವ ಕಡೆಯೇ ಸೀಟು ಹಿಡಿದೆ.

ನನ್ನ ಎದುರು ಕೂತ ಆಂಟಿ ಮಡಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಎಷ್ಟು ಮುದ್ದಾಗಿದ್ದಾನೆ, ಅವನೆಲ್ಲಿ ಕದೀತಾನೆ?”

“ಹೆಂಡತಿಯದ್ದೇ ತಪ್ಪು,” ಎಂದಳು ಪಕ್ಕದವಳು. “ಮನೇಲಿ ಇರೋಳು ನೋಡ್ಕೋಬೇಡ್ವಾ?”

“ಹೆಂಡತಿ ಏನು ಮಾಡ್ತಾಳೆ? ಇದೆಲ್ಲ ಸಿಎಗಳ ಕೆಲಸ. ದ್ವೀಪ ತೋರಿಸಿದ್ದೇ ಅವರು!”

ಇಡೀ ಡಬ್ಬದಲ್ಲಿ ಒಮ್ಮತ ಮೂಡಿತು. ಹುಡುಗ ಒಳ್ಳೆಯವನು, ಸಿಎ ಕಳ್ಳ. ನಾನು ಆಫೀಸಿನ ಹೆಸರಿದ್ದ ಬ್ಯಾಗನ್ನು ಮೆಲ್ಲಗೆ ತಿರುಗಿಸಿ ಇಟ್ಟುಕೊಂಡೆ. ಆ ಬದಿಯಲ್ಲೂ ಅದೇ ಹೆಸರು ಇತ್ತು. ಬ್ಯಾಗಿನ ಮೇಲೆ ದುಪಟ್ಟಾ ಹರಡಿದೆ.

ಬೆಳ್ಳುಳ್ಳಿ ಆಂಟಿ ನನ್ನನ್ನೇ ನೋಡುತ್ತಿದ್ದರು. “ನೀನೇನು ಕೆಲಸ ಮಾಡ್ತೀ ಬೇಟಾ?”

“ಟೀಚರ್” ಎಂದುಬಿಟ್ಟೆ.

“ಗಣಿತಾನಾ? ನನ್ನ ಮಗ ಒಂಬತ್ತನೇ ಕ್ಲಾಸು!”

ಕಾಂದಿವಲಿ ಬರುವವರೆಗೆ ಆಂಟಿ ನನ್ನನ್ನು ಬಿಡಲಿಲ್ಲ. ಈಗ ಪ್ರತಿ ಭಾನುವಾರ ಆ ಹುಡುಗನಿಗೆ ಗಣಿತ ಹೇಳಿಕೊಡುತ್ತೇನೆ. ಅವನು ಮುಂದೆ ಸಿಎ ಆಗಬೇಕಂತೆ.

ಮಾಲಕಿ

ಮರುದಿನ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಸೊಸೈಟಿಯ ಸೆಕ್ರೆಟರಿ ಅಂಕಲ್ ಸಿಕ್ಕರು. ಐದನೇ ಮಹಡಿಯಿಂದ ಭಾಷಣ ಶುರುವಾಯಿತು.

“ಇಂಥವರನ್ನು ಒಳಗೆ ಹಾಕಬೇಕು! ನಾವು ಕಟ್ಟೋದು, ಇವರು ತಿನ್ನೋದು!”

ನಾನು ತಲೆ ಆಡಿಸಿದೆ. ಮೂರನೇ ಮಹಡಿಯಲ್ಲಿ ಇನ್ನೊಬ್ಬರು ಇಳಿದುಹೋದರು. ಲಿಫ್ಟಿನ ಬಾಗಿಲು ಮುಚ್ಚಿದ್ದೇ ಅಂಕಲ್ ಧ್ವನಿ ನೆಲಕ್ಕೆ ಇಳಿಯಿತು.

“ಬೇಟಾ, ನೀನು ಸಿಎ ಆಫೀಸಲ್ಲಿದ್ದೀಯಲ್ಲ. ನಾನು ಬಾಡಿಗೆ ಮನೆಯಲ್ಲಿದ್ದೇನೆ ಅಂತ ತೋರಿಸಿದರೆ ಟ್ಯಾಕ್ಸ್ ಕಡಿಮೆ ಆಗ್ತದಂತೆ. ಒಂದು ರಸೀದಿ ಹೇಗೆ ಬರೆಯೋದು ಹೇಳ್ತೀಯಾ? ಮಾಲಕಿ ಅಂತ ನಮ್ಮ ಅತ್ತೆಯ ಹೆಸರು ಹಾಕೋಣ.”

“ಅವರ ಮನೆ ಎಲ್ಲಿದೆ ಅಂಕಲ್?”

“ಮನೆ ಎಲ್ಲಿಂದ ಬರಬೇಕು? ನಮ್ಮ ಹಾಲಿನಲ್ಲೇ ಮಲಗ್ತಾರೆ.”

ಇದೂ ತೆರಿಗೆ ತಪ್ಪಿಸುವುದೇ ಅಲ್ವಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ನನ್ನ ಮುಖವೇ ಕೇಳಿರಬೇಕು.

“ಅವನದು ಕೋಟಿ ಬೇಟಾ, ಅದು ಕಳ್ಳತನ. ನಮ್ಮದು ಉಳಿತಾಯ.”

ನಾನು ಹೇಳಿಕೊಡಲಿಲ್ಲ. ಆದರೆ ಅಂಕಲ್ ಬೇರೆ ಯಾರನ್ನೋ ಹಿಡಿದು ಬರೆಸಿಕೊಂಡಿರಬೇಕು, ಮತ್ತು ಅತ್ತೆಯ ಸಹಿಯನ್ನೂ ಹಾಕಿಸಿಕೊಂಡಿರಬೇಕು. ಎರಡು ದಿನ ಬಿಟ್ಟು ಅಂಕಲ್ ಬಿಲ್ಡಿಂಗಿನ ಗೇಟಿನಲ್ಲಿ ಕೂತು ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದರು.

“ಮೇಲೆ ಟಿ.ವಿ. ಇಲ್ವಾ ಅಂಕಲ್?”

“ಮಾಲಕಿ ಸೀರಿಯಲ್ ನೋಡ್ತಿದ್ದಾರೆ,” ಎಂದರು. “ಬಾಡಿಗೆಯವರು ಸದ್ದು ಮಾಡಬಾರದಂತೆ.”

ಶುಕ್ರವಾರದ ಹಾರ

ಗುರುವಾರ ಸಂಜೆ ನಾನು ಪಪ್ಪನಿಗೆ ವರದಿ ಒಪ್ಪಿಸಿದೆ. ಟ್ರೇನಿನಲ್ಲಿ ತಪ್ಪು ಸಿಎಯದು, ಲಿಫ್ಟಿನಲ್ಲಿ ತಪ್ಪು ಕೋಟಿಯದು.

“ಹಾಗಾದ್ರೆ ಫೋಟೋ ತೆಗೀಬೇಕಾ, ಬೇಡ್ವಾ?”

ಪಪ್ಪ ಬೈರಾಸನ್ನು ಹಿಂಡುತ್ತಾ ಯೋಚಿಸಿದರು. ಶುಕ್ರವಾರ ಬೆಳಿಗ್ಗೆ ನಮ್ಮ ಸಪ್ಲಾಯರನ್ನು ಕರೆದು, “ಫೋಟೋ ತೆಗೀಬೇಡ ಮಾರಾಯ, ಆದ್ರೆ ಅವನ ಮುಖ ಕಾಣಬಾರ್ದು. ಎಂತಾದ್ರೂ ಮಾಡು” ಎಂದರು.

ಸಪ್ಲಾಯರ್ ವಿಜಯಪುರದ ಕಡೆಯವನು. ಶುಕ್ರವಾರ ದೇವರ ಫೋಟೋಗಳಿಗೆ ಹೂವಿನ ಹಾರ ಹಾಕುವುದೂ ಅವನದೇ ಕೆಲಸ.

“ಬಟ್ಟಿ ಮುಚ್ಚಿದ್ರ ಮಂದಿ ಯಾಕಂತ ಕೇಳ್ತಾರ್ರೀ ಮಾಲಕ್ರ. ಹೂವು ಹಾಕಿದ್ರ ಯಾರೂ ಕೇಳಂಗಿಲ್ಲ.”

ಹಾಗೆಂದು ಸ್ಟೂಲು ಹತ್ತಿ, ದಪ್ಪದೊಂದು ಚೆಂಡುಹೂವಿನ ಹಾರವನ್ನು ಫೋಟೋಕ್ಕೆ ಹಾಕಿ, ಆಟಗಾರನ ಮುಖದ ಮೇಲೆ ಬರುವಂತೆ ಎಳೆದುಬಿಟ್ಟ. ಪಪ್ಪನಿಗೆ ಎದೆಯ ಭಾರ ಇಳಿದ ಹಾಗಾಯಿತು. ಫೋಟೋ ಇದ್ದೂ ಇಲ್ಲ.

ಕಾಕಾ ಒಳಗೆ ಬಂದರು. ಗೋಡೆ ನೋಡಿದರು. ನಿಂತಲ್ಲೇ ನಿಂತರು. ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಆಮೇಲೆ ಎಷ್ಟೋ ದಿನಗಳ ಮೇಲೆ ಫೋಟೋಕ್ಕೆ ಮುಖಮಾಡಿ ಕೂತರು. ಪೇಪರ್ ಬಿಡಿಸಲಿಲ್ಲ.

ಪಪ್ಪ ನನ್ನ ಕಿವಿಯಲ್ಲಿ, “ನೋಡಿದ್ಯಾ? ಸಮಾಧಾನ ಆಯ್ತು ಅವರಿಗೆ” ಎಂದರು.

ಟ್ಯಾಕ್ಸಿಯವರು ಬಂದರು. ಗೋಡೆ ನೋಡಿ, ಗಲ್ಲಾ ನೋಡಿ, ಮತ್ತೆ ಗೋಡೆ ನೋಡಿದರು. ಅವರ ಲೆಕ್ಕ ನನಗೆ ಮುಖದಲ್ಲೇ ಕಂಡಿತು. ಹಾರ ಹಾಕಿದ ಫೋಟೋದಲ್ಲಿ ಇರುವುದು ಇಬ್ಬರು. ಒಬ್ಬ ಇಲ್ಲೇ ಕೂತು ಚಿಲ್ಲರೆ ಕೊಡುತ್ತಿದ್ದಾನೆ. ಅಂದ ಮೇಲೆ ಹೋದವನು ಇನ್ನೊಬ್ಬನೇ.

ಸಪ್ಲಾಯರ್ ಹೇಳಿದ್ದು ನಿಜವಾಯಿತು. ಯಾರೂ ಏನೂ ಕೇಳಲಿಲ್ಲ.

“ಟೆನ್ಷನ್‌ನಿಂದಲೇ ಹೋಗಿಬಿಟ್ಟ,” ಎಂದರು ಟ್ಯಾಕ್ಸಿಯವರು.

“ಕೊಂದರು ಅನ್ನು!” ಕಾಕಾ ಕಣ್ಣೊರೆಸಿಕೊಂಡರು. “ಅಂಥ ಹುಡುಗನನ್ನು! ನಾಲ್ಕು ಕಾಸು ಕಡಿಮೆ ಕಟ್ಟಿರಬಹುದು. ಅವಕಾಶ ಸಿಕ್ಕಿದ್ದರೆ ನಾನು ಬಿಡುತ್ತಿದ್ದೆನಾ?”

ನನಗೆ ಎಲ್ಲ ಅರ್ಥವಾಗಿತ್ತು, ಹೇಳಬೇಕಿತ್ತು, ಆದರೆ ಎದುರಿಗೆ ನಾಲ್ಕಕ್ಕಿಂತ ಹೆಚ್ಚು ಜನ. ಅಷ್ಟರಲ್ಲಿ ಯಾರೋ ಹಾರದ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಎಲ್ಲಿಗೋ ಕಳಿಸಿದರು. ಹಿಂದೆ ಗೋಡೆಯ ಮೇಲೆ ನಮ್ಮ ಹೋಟೆಲಿನ ಹೆಸರು, ಪಾರ್ಸೆಲ್ಲಿಗೆ ಫೋನ್ ಮಾಡಬೇಕಾದ ನಂಬರು. ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಜನ. ಒಬ್ಬರು ಊದುಬತ್ತಿ ಹಚ್ಚಿಟ್ಟರು. ಕಾಲೇಜು ಹುಡುಗರು ಬಂದು ಅವನು ತಿಂದಂಥದ್ದೇ ಇಡ್ಲಿ ಕೇಳಿದರು, ತಿಂದು ಅತ್ತರು. ತೆರಿಗೆಯ ಮಾತು ಎತ್ತಿದವನೊಬ್ಬನಿಗೆ ಹೊಡೆಯುವುದೊಂದು ಬಾಕಿ.

ನಾನು ಹೇಗೋ ಪಪ್ಪನ ತೋಳು ಹಿಡಿದೆ. “ಪಪ್ಪಾ, ಇವರೆಲ್ಲ ಅವನು ಸತ್ತ ಅಂದುಕೊಂಡಿದ್ದಾರೆ.”

ಪಪ್ಪ ಗೋಡೆ ನೋಡಿದರು. ಕಾಕಾನ ಟೋಪಿ ನೋಡಿದರು. ತಾವೇ ಓಡಿ ಸ್ಟೂಲು ಹತ್ತಿ ಹಾರಕ್ಕೆ ಕೈ ಹಾಕಿದರು.

“ಮುಟ್ಟಬೇಡ!” ಕಾಕಾ ಗುಡುಗಿದರು. “ನನ್ನ ಹೆಣ ಬಿದ್ದ ಮೇಲೆ ತೆಗಿ ಆ ಹಾರ!”

ಅದೇ ಹೊತ್ತಿಗೆ ಗಲ್ಲಾದ ಫೋನು ರಿಂಗಾಯಿತು. ಸಪ್ಲಾಯರ್ ಎತ್ತಿ, ಕೇಳಿ, ನನ್ನ ಕೈಗೆ ತುರುಕಿದ. “ಅಕ್ಕಾರ, ಇಂಗ್ಲಿಷ್ ಐತ್ರಿ.”

ಆಟಗಾರನ ಮ್ಯಾನೇಜರು. ಸರ್ ಆರೋಗ್ಯವಾಗಿದ್ದಾರೆ, ಮನೆಯಲ್ಲಿ ಟಿ.ವಿ. ನೋಡುತ್ತಿದ್ದಾರೆ, ನಿಮ್ಮ ಹೋಟೆಲಿನ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ ಎಂದರು. ಕೇಸು ಹಾಕುತ್ತಾರೆ ಎಂದುಕೊಂಡೆ. “ಸಾರಿ, ಈಗಲೇ ತೆಗೀತೇವೆ” ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

“ಒಂದು ನಿಮಿಷ,” ಎಂದರು ಮ್ಯಾನೇಜರು. “ಸರ್ ಮಾತಾಡ್ತಾರಂತೆ.”

ಸ್ಟೂಲಿನ ಮೇಲೆ ಪಪ್ಪ, ಒಂದು ಕೈ ಹಾರದಲ್ಲಿ, ಇನ್ನೊಂದು ಕೈಯಲ್ಲಿ ಬೈರಾಸು. ಕೆಳಗೆ ಸ್ಟೂಲಿನ ಕಾಲನ್ನು ಬಿಗಿಯಾಗಿ ಹಿಡಿದ ಕಾಕಾ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

ಫೋನಿನಲ್ಲಿ ಜಾಹೀರಾತುಗಳಿಂದ ನನಗೆ ಚೆನ್ನಾಗಿ ಗೊತ್ತಿದ್ದ ಆ ಸ್ವರ, ಬಹಳ ಸಂಕೋಚದಿಂದ ಕೇಳಿತು:

“ಮ್ಯಾಡಮ್, ಇಷ್ಟು ದಿನದಲ್ಲಿ ಜನ ನನ್ನ ಬಗ್ಗೆ ಒಳ್ಳೆಯ ಮಾತಾಡ್ತಿರೋದು ಇವತ್ತೇ. ಸೋಮವಾರ ನನ್ನ ವಿಚಾರಣೆ ಇದೆ. ಅಲ್ಲಿಯವರೆಗೆ ಆ ಹಾರ ಹಾಗೇ ಇರಲಿ, ಪ್ಲೀಸ್?”