ಹಿಮ ಬೀಳದ ಊರಿನಲ್ಲಿ ಮನೆ

ಜನ ಮನೆ ಹುಡುಕುವಾಗ ಏನೇನು ವಿಚಾರಿಸುತ್ತಾರೆ ಎಂಬುದರಲ್ಲಿ ನನಗೆ ಮೊದಲಿನಿಂದಲೂ ಕುತೂಹಲ. ಮೈಸೂರಿನಲ್ಲಿ ನಮ್ಮ ತಂದೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳುತ್ತಿದ್ದರು, ತಾಯಿ ಅಡುಗೆಮನೆಗೆ ಬೆಳಕಿದೆಯೇ ಎಂದು ಇಣುಕುತ್ತಿದ್ದರು. ಅಮೆರಿಕಕ್ಕೆ ಬಂದ ನಮ್ಮವರದು ಒಂದೇ ಪ್ರಶ್ನೆ: "ಅಲ್ಲಿ ಸ್ನೋ ಎಷ್ಟು ಬೀಳತ್ತೆ?" ಎಲ್ಲರಿಗೂ ಬೇಕಾದ ಉತ್ತರ "ಬೀಳೋದೇ ಇಲ್ಲ" ಎಂಬುದು. ನನಗೆ ಮಾತ್ರ ಸ್ವಲ್ಪ ಬೀಳಬೇಕು. ಏಕೆಂದು ಇದುವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನೀವು ನಮ್ಮ ಮನೆಗೆ ಬರುವವರಲ್ಲ ಎಂಬ ಧೈರ್ಯದ ಮೇಲೆ.

ಮದುವೆಯಾಗಿ ಬಂದ ಹೊಸದರಲ್ಲಿ ನಾವಿದ್ದದ್ದು ಮೇರಿಲ್ಯಾಂಡಿನಲ್ಲಿ, ವಾಷಿಂಗ್ಟನ್ ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಪಕ್ಕದಲ್ಲೇ. ಇವರು ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಒಂದು ಲ್ಯಾಬಿನಲ್ಲಿ ವಾರವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತು, ಯಾರೊಡನೆಯೂ ಮಾತಾಡಬೇಕಾದ ಪ್ರಮೇಯವಿಲ್ಲದೆ ಸುಖವಾಗಿದ್ದೆ. ಆದರೆ ಶನಿವಾರವೆಂಬುದೊಂದು ಇತ್ತು. ನ್ಯೂಜೆರ್ಸಿಯಿಂದ ಫ್ಲಾರಿಡಾಕ್ಕೆ ಹೋಗುವ ಕನ್ನಡಿಗರಿಗೆಲ್ಲ "ನಿಮ್ಮ ಮನೆ ದಾರೀಲೇ ಇದೆ." ಅಲ್ಲಿ ಆಗ ನಮ್ಮವರಿಗೆ ದೇವಸ್ಥಾನವಿರಲಿಲ್ಲವಾದ್ದರಿಂದ ಭಜನೆಯೂ ನಮ್ಮ ಬೇಸ್‌ಮೆಂಟಿನಲ್ಲೇ. ಬಂದವರು ಊಟ ಮುಗಿಸಿ ಹೊರಡಲು ಏಳುತ್ತಾರೆ, ಕೋಟಿನೊಳಗೆ ಒಂದು ತೋಳನ್ನೂ ತೂರಿಸಿರುತ್ತಾರೆ. ಆಗ ನಾನು ಬಾಗಿಲ ಬಳಿ ನಿಂತು "ಕಾಫಿ ಕುಡ್ಕೊಂಡು ಹೋಗಿ" ಎನ್ನುತ್ತೇನೆ. ಬೇಕೆಂದು ಹೇಳುವುದಲ್ಲ, ಕೆಮ್ಮಿನ ಹಾಗೆ ತಾನಾಗಿ ಬಂದುಬಿಡುತ್ತದೆ. ತೋಳು ಕೋಟಿನಿಂದ ಮತ್ತೆ ಹೊರಬರುತ್ತದೆ. ಕಾಫಿಗೆ ಕೂತವರು ರಾತ್ರಿಯ ಸಾರಿಗೂ ಉಳಿಯುತ್ತಾರೆ. ಸೋಮವಾರ ಲ್ಯಾಬಿಗೆ ಹೋದರೆ ಸ್ಲೈಡಿನಲ್ಲಿ ಕಾಣುವ ಜೀವಕೋಶಗಳೂ ಗುಂಪುಗೂಡಿ ಹರಟುತ್ತಿರುವಂತೆ ಅನ್ನಿಸುತ್ತಿತ್ತು.

ನನ್ನನ್ನು ಕಾಪಾಡುತ್ತಿದ್ದುದು ಹಿಮ ಒಂದೇ. ವಾಷಿಂಗ್ಟನ್ ಎಷ್ಟೇ ದೊಡ್ಡ ರಾಜಧಾನಿಯಾದರೂ ಹಿಮದ ವಿಷಯದಲ್ಲಿ ಬಹಳ ಪುಕ್ಕಲು. ರೇಡಿಯೋದಲ್ಲಿ ಹಿಮ ಬೀಳಬಹುದು ಎಂದರೆ ಸಾಕು, ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಮಾಯ. ನಾನೂ ಹಾಲು ತಂದು, ಬೆಚ್ಚಗಿನ ಓವನ್ನಿನಲ್ಲಿ ಹೆಪ್ಪು ಹಾಕಿಟ್ಟು, ಫೋನಿನ ಪಕ್ಕ ಕಾಯುತ್ತಿದ್ದೆ. ಮೊದಲ ಫೋನು ಯಾವಾಗಲೂ ಪದ್ಮಾ ಆಂಟಿಯದು. ನಮಗಿಂತ ಮೊದಲೇ ಬಂದು ನೆಲೆಸಿದ್ದ ಡಾಕ್ಟರೊಬ್ಬರ ಹೆಂಡತಿ ಅವರು, ನಮ್ಮ ಕೂಟಗಳ ಸರ್ವಾಧಿಕಾರಿ. "ಈ ವಾರ ಬರಕ್ಕಾಗಲ್ಲ ಕಣೆ, ರೋಡೆಲ್ಲ ಐಸು. ನೀನು ಬೇಜಾರ್ ಮಾಡ್ಕೋಬೇಡ." ನಾನು ಧ್ವನಿಗೆ ಒಂದಿಷ್ಟು ದುಃಖ ಬೆರೆಸಿ, "ಪರವಾಗಿಲ್ಲ ಆಂಟಿ" ಎನ್ನುತ್ತಿದ್ದೆ. ಆಮೇಲೆ ಕಂಬಳಿ ಹೊದ್ದು, ಪುಸ್ತಕ ಹಿಡಿದು, ಮೊಸರನ್ನ ತಿನ್ನುತ್ತಾ ಕೂರುವುದು. ಆ ಸುಖದ ಹಿಂದೆ ಕೇಳುತ್ತಿದ್ದ ಒಂದೇ ಸದ್ದೆಂದರೆ, ಹೊರಗೆ ಇವರು ಆಸ್ಪತ್ರೆಗೆ ಹೋಗಲು ಕಾರನ್ನು ಹಿಮದಿಂದ ತೋಡಿ ತೆಗೆಯುವ ಸಲಿಕೆಯದು.

ಸಲಿಕೆಯಿಂದಲೇ ನನ್ನ ಸುಖಕ್ಕೆ ಕುತ್ತು ಬಂತು. ಇವರ ಸೊಂಟ ಹಿಡಿದುಕೊಂಡಿತು. ಮಲಗಿದಲ್ಲಿಂದಲೇ ದಕ್ಷಿಣದ ಆಸ್ಪತ್ರೆಗಳಿಗೆಲ್ಲ ಅಪ್ಲೈ ಮಾಡಿದರು. ಅಟ್ಲಾಂಟಾದಿಂದಲೂ ಷಾರ್ಲೆಟ್‌ನಿಂದಲೂ ಕರೆ ಬಂತು. ಯಾವುದು ಒಳ್ಳೆಯ ಕೆಲಸ ಎಂದು ಒಬ್ಬರೂ ಕೇಳಲಿಲ್ಲ. ಬೇಸ್‌ಮೆಂಟಿನಲ್ಲಿ ಸಭೆ ಸೇರಿ, ಜಾತಕ ನೋಡುವಷ್ಟೇ ಗಂಭೀರವಾಗಿ ಎರಡೂ ಊರುಗಳ ಚಳಿಗಾಲವನ್ನು ತೂಗಿ ನೋಡಿದರು. "ಅಟ್ಲಾಂಟಾ ಬೇಡಪ್ಪ, ಅಲ್ಲಿ ಮರದ ಮೇಲೆಲ್ಲ ಐಸ್ ಕಟ್ಟತ್ತಂತೆ," ಎಂದು ಪದ್ಮಾ ಆಂಟಿ ತೀರ್ಪು ಕೊಟ್ಟರು. "ಷಾರ್ಲೆಟ್ ಆದ್ರೆ ಬರೀ ಬಿಸಿಲು."

"ನೀನೇನಂತೀಯ?" ಎಂದು ಇವರು ನನ್ನನ್ನು ಕೇಳಿದರು.

"ಸ್ವಲ್ಪ ಸ್ನೋ ಇದ್ರೆ ಚೆನ್ನಾಗಿರತ್ತೆ ರೀ."

"ಯಾಕೆ?"

ಎದುರಿಗೆ ಇಡೀ ಸಭೆ ಕೂತಿತ್ತು. "ನೋಡಕ್ಕೆ," ಎಂದೆ.

ಇವರು ಒಳ್ಳೆಯವರು. ಷಾರ್ಲೆಟ್‌ಗೆ ಬಂದ ವಾರವೇ, ಹೆಂಡತಿ ಹಿಮವಿಲ್ಲದೆ ಕೊರಗಬಾರದೆಂದು ದೊಡ್ಡದೊಂದು ಚಿತ್ರ ತಂದು ಹಾಲಿನಲ್ಲಿ ತೂಗುಹಾಕಿದರು. ಸುತ್ತ ಬೆಳ್ಳನೆಯ ಬೆಟ್ಟ, ನಡುವೆ ಒಂದೇ ಒಂದು ಪುಟ್ಟ ಮನೆ, ಅದಕ್ಕೆ ದಾರಿಯೇ ಇಲ್ಲ. ಹಿಮದ ಮೇಲೆ ಒಂದು ಹೆಜ್ಜೆಗುರುತೂ ಇಲ್ಲ. ನನ್ನ ಮನಸ್ಸನ್ನು ಓದಿ ಬರೆದ ಹಾಗಿತ್ತು.

ಹೊಸ ಊರಿನಲ್ಲಿ ನಮ್ಮವರು ಹೆಚ್ಚಿರಲಿಲ್ಲ. ಶನಿವಾರಗಳು ಖಾಲಿಯಾಗಿ, ನಿರ್ಮಲವಾಗಿ ಬಂದು ಹೋಗುತ್ತಿದ್ದವು. ಹೀಗಿರುವಾಗ ಜನವರಿಯಲ್ಲಿ ಪದ್ಮಾ ಆಂಟಿಯೂ ಅಂಕಲ್ಲೂ ಬಂದಿಳಿದರು. ಅಂಕಲ್‌ಗೆ ನಮ್ಮೂರಿನ ಪಕ್ಕದ ಫೋರ್ಟ್ ಮಿಲ್ ಹತ್ತಿರ ಕೆಲಸವೊಂದು ಸಿಗುವ ಹಾಗಿತ್ತಂತೆ. "ನಮಗೂ ಸ್ನೋ ಸಾಕಾಗಿದೆ ಕಣೆ. ಊರು ಹಿಡಿಸಿದ್ರೆ ಇಲ್ಲಿಗೇ ಬಂದ್ಬಿಡೋದು," ಎಂದರು ಆಂಟಿ, ನನ್ನ ಅಡುಗೆಮನೆಯ ಡಬ್ಬಗಳನ್ನು ಆಗಲೇ ಒಂದೊಂದಾಗಿ ತೆರೆದು ಮೂಸುತ್ತಾ. ಆಂಟಿ ಎಲ್ಲಿರುತ್ತಾರೋ ಅಲ್ಲಿ ಭಜನೆ, ಭಜನೆ ಇದ್ದಲ್ಲಿ ಜನ, ಜನಕ್ಕೆ ನಮ್ಮ ಬೇಸ್‌ಮೆಂಟು.

ಅವರು ಹೊರಡಬೇಕಿದ್ದ ಭಾನುವಾರ ಮಧ್ಯಾಹ್ನದ ಊಟವಾಯಿತು. ಅಂಕಲ್ ಕಿಟಕಿಯಿಂದ ಆಕಾಶ ನೋಡಿ, "ಮೋಡ ಯಾಕೋ ಸರಿಯಿಲ್ಲ. ಹೊರಡೋಣ ನಡಿ," ಎಂದು ಕೋಟು ಹಾಕಿದರು. ಇನ್ನೇನು ಬಾಗಿಲು ದಾಟಬೇಕು, ಕೆಮ್ಮು ಬಂದುಬಿಟ್ಟಿತು: "ಕಾಫಿ ಕುಡ್ಕೊಂಡು ಹೋಗಿ ಅಂಕಲ್."

ಊರಿನಿಂದ ತಂದ ಫಿಲ್ಟರಿಗೆ ಇಲ್ಲಿಯ ಪುಡಿ ಹಾಕಿದರೆ ಡಿಕಾಕ್ಷನ್ ಇಳಿಯಲು ಯುಗ ಬೇಕು. ಅದು ತೊಟ್ಟಿಕ್ಕುತ್ತಿರುವಾಗಲೇ ಹೊರಗೆ ಹಿಮ ಶುರುವಾಯಿತು. ಲೋಟ ತೊಳೆದಿಡುವ ಹೊತ್ತಿಗೆ ಅವರ ಕಾರು ಬೆಳ್ಳಗಾಗಿತ್ತು. ಮೇರಿಲ್ಯಾಂಡಿನಲ್ಲಾದರೆ ರಸ್ತೆಯ ಹಿಮ ಗೋರುವ ಲಾರಿಯಾದರೂ ಬರುತ್ತಿತ್ತು. ಹಿಮವೇ ಬೀಳದ ಊರಿನಲ್ಲಿ ಅದನ್ನು ತೆಗೆಯಲು ಯಾರು ತಾನೇ ಲಾರಿ ಇಟ್ಟುಕೊಳ್ಳುತ್ತಾರೆ? ಅಲ್ಲಿ ಅತಿಥಿಗಳನ್ನು ಹೊರಗೇ ತಡೆಯುತ್ತಿದ್ದ ಹಿಮ ಇಲ್ಲಿ ಅವರನ್ನು ಒಳಗಿಟ್ಟು ಬೀಗ ಹಾಕಿತ್ತು. ಮಂಗಳವಾರದವರೆಗೆ ಯಾರೂ ಕದಲಲಿಲ್ಲ.

ಆದರೂ ನನ್ನಲ್ಲೊಂದು ಸಣ್ಣ ಆಸೆ ಚಿಗುರಿತ್ತು. "ಇಲ್ಲಿ ಸ್ನೋ ಬೀಳಲ್ಲ ಅಂದಿದ್ದನಲ್ಲೇ ನಿನ್ನ ಗಂಡ!" ಎಂದರು ಆಂಟಿ, ಕಿಟಕಿಯ ಬಳಿ ನಿಂತು.

"ಬೀಳತ್ತೆ ಆಂಟಿ. ಬಿದ್ರೆ ತೆಗೆಯೋರೂ ಇಲ್ಲ," ಎಂದೆ ಉತ್ಸಾಹದಿಂದ. ಅಕ್ಷರಶಃ ನಿಜ ಹೇಳುವುದರಲ್ಲಿ ಇಷ್ಟು ಲಾಭವಿರಬಹುದೆಂದು ನನಗೆ ತಿಳಿದಿರಲಿಲ್ಲ.

ಒಳಗೆ ಅಂಕಲ್ಲೂ ಇವರೂ ಇಸ್ಪೀಟಾಡುತ್ತಾ ಜಗಳವಾಡುತ್ತಿದ್ದರು. ಆಂಟಿ ಅತ್ತ ಕಿವಿಗೊಟ್ಟು, "ಅಲ್ಲಿ ಸ್ನೋ ಬಿದ್ರೆ ಏನಾಗತ್ತೆ ಗೊತ್ತಾ?" ಎಂದರು. "ಅಂಕಲ್ ಹಾಸ್ಪಿಟಲ್‌ನಲ್ಲೇ ಸಿಕ್ಕಿಹಾಕ್ಕೋತಾರೆ. ನಾನೊಬ್ಳೇ ಹೀಗೆ ಕಿಟಕಿ ಮುಂದೆ. ಮಾತಾಡೋಣ ಅಂತ ಫೋನ್ ಮಾಡಿದ್ರೆ, ಎಲ್ಲರೂ 'ಪರವಾಗಿಲ್ಲ ಆಂಟಿ' ಅಂತ ಇಟ್ಬಿಡ್ತಾರೆ. ಇಲ್ಲಿ ನೋಡು, ಮನೆ ಎಷ್ಟು ಗಲಗಲ ಅಂತಿದೆ. ಸ್ನೋ ಬಿದ್ರೆ ಹೀಗೆ ಬೀಳ್ಬೇಕು."

ನಾನು ಯೋಚಿಸುವ ಮೊದಲೇ ನನ್ನ ಬಾಯಿ, "ಇಲ್ಲಿಗೇ ಬಂದ್ಬಿಡಿ ಆಂಟಿ," ಎಂದಿತು. ಅದೂ ಕೆಮ್ಮೇ ಇರಬೇಕು. ಈಗಲೂ ಖಚಿತವಾಗಿ ಹೇಳಲಾರೆ.

ಅವರು ನಮ್ಮ ಹಿಂದಿನ ಬೀದಿಯಲ್ಲೇ ಮನೆ ಕೊಂಡರು. ಹಾಲಿನಲ್ಲಿದ್ದ ಆ ಹಿಮದ ಚಿತ್ರ ನೋಡಿ ಆಂಟಿ, "ಪಾಪ, ಒಬ್ರೂ ಇಲ್ವಲ್ಲೇ ಅಲ್ಲಿ! ತೆಗೆದುಬಿಡು, ನೋಡಿದ್ರೆ ಅಳು ಬರತ್ತೆ," ಎಂದದ್ದರಿಂದ ಅದನ್ನು ಬಾತ್‌ರೂಮಿನ ಗೋಡೆಗೆ ಸಾಗಿಸಿದ್ದೇನೆ. ಮನೆಯಲ್ಲಿ ಯಾರ ಸಂಕೋಚವೂ ಇಲ್ಲದೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಅದೊಂದೇ. ಶನಿವಾರಗಳಂದು ಬೇಸ್‌ಮೆಂಟಿನಲ್ಲಿ ತಾಳ ಶುರುವಾದಾಗ ನಾನು ಅಲ್ಲಿಗೆ ಹೋಗಿ, ಆ ದಾರಿಯಿಲ್ಲದ ಮನೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆದರೆ ಆಂಟಿ ಬಿಡುವವರಲ್ಲ. ಬಾಗಿಲು ಬಡಿಯುತ್ತಾರೆ.

"ಎಷ್ಟೊತ್ತೇ ಒಳಗೆ? ಬಾ, ಕಾಫಿ ಮಾಡಿದೀನಿ. ಕುಡ್ಕೊಂಡು ಹೋಗು."